ಗಾಂಜಾ: ನೋವು, ಹಸಿವೆಗೆ ಮದ್ದೇ?

ಮನೆಯಲ್ಲಿ ಕ್ಯಾನ್ಸರ್ ರೋಗಿಯಿದ್ದಾಗ ಪುತ್ತೂರು, ಸುಳ್ಯ, ಕಡಬ ಕಡೆಯ ಮನೆಮಂದಿ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: “ಡಾಕ್ಟ್ರೇ, ಗಾಂಜಾ ಕೊಟ್ಟರೆ ನೋವು ಇಳಿದು ಊಟ ಸೇರುತ್ತದಂತೆ, ಹೌದಾ?” ಕೇಳುವುದರಲ್ಲಿ ತಪ್ಪೇನಿಲ್ಲ.

ಭಂಗಿ ಗಿಡ ನಮಗೆ ಹೊಸತಲ್ಲ. ಆಯುರ್ವೇದದಲ್ಲಿ ಅದಕ್ಕೆ ‘ವಿಜಯಾ’ ಎಂಬ ಹೆಸರಿದೆ. 1839ರಲ್ಲಿ ಕಲ್ಕತ್ತೆಯ ವೈದ್ಯ ಓಶೌನೆಸ್ಸಿ ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿ ವರದಿ ಬರೆದರು. 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ಮೆಕೂಲಂ ಮತ್ತು ಗಾವೊನಿ ಅದರ ಅಮಲಿನ ಅಂಶವಾದ ಟಿಎಚ್‌ಸಿಯನ್ನು ಬೇರ್ಪಡಿಸಿದರು. ಇದೇ ರೀತಿ ಕೆಲಸ ಮಾಡುವ ವಸ್ತುವೊಂದು ಮಿದುಳಿನಲ್ಲೇ ಇರುವುದು 1992ರಲ್ಲಿ ಪತ್ತೆಯಾಯಿತು. ಸಂಸ್ಕೃತದ ‘ಆನಂದ’ದಿಂದ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ನೋವು, ಹಸಿವೆ, ವಾಕರಿಕೆಗಳ ಮೇಲೆ ಇದರ ಹಿಡಿತವಿದೆ. ಗಾಂಜಾದ ಪರಿಣಾಮಕ್ಕೆ ಕಾರಣ ಇದೇ.

ಹಾಗಾದರೆ ಮದ್ದಾಗಿ ಅದರ ಉಪಯೋಗವೆಷ್ಟು? ಟಿಎಚ್‌ಸಿಯ ಗುಳಿಗೆಯಾದ ಡ್ರೊನಾಬಿನಾಲ್‌ಗೆ ಅಮೆರಿಕವು ಕಿಮೊಥೆರಪಿಯ ವಾಂತಿಗಾಗಿ 1985ರಲ್ಲಿ, ತೂಕ ಇಳಿದ ಏಡ್ಸ್ ರೋಗಿಗಳ ಹಸಿವೆಗಾಗಿ 1992ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಸಿವೆ ಸುಧಾರಿಸಿದ್ದು ಡ್ರೊನಾಬಿನಾಲ್ ತೆಗೆದುಕೊಂಡವರಲ್ಲಿ ಶೇ. 49 ಮಂದಿಗೆ, ಮೆಜೆಸ್ಟ್ರಾಲ್ ಎಂಬ ಬೇರೊಂದು ಮದ್ದಿನಿಂದ ಶೇ. 75 ಮಂದಿಗೆ. ಗಾಂಜಾದ ಸಾರದಿಂದ ಮಾಡಿದ, ಬಾಯಿಗೆ ಸಿಂಪಡಿಸುವ ಮದ್ದು ದೊಡ್ಡ ಪರೀಕ್ಷೆಗಳಲ್ಲಿ ಕ್ಯಾನ್ಸರ್ ನೋವಿಗೆ ಹುಸಿಮದ್ದಿಗಿಂತ ಸ್ಪಷ್ಟವಾಗಿ ಮೇಲೆನಿಸಲಿಲ್ಲ.

ಇವೆಲ್ಲ ಅಳತೆ ಗೊತ್ತಿರುವ ಮದ್ದುಗಳು. ಕದ್ದು ತಂದ ಸೊಪ್ಪಿನಲ್ಲಿ ಟಿಎಚ್‌ಸಿ ಎಷ್ಟಿದೆಯೆಂದು ಯಾರಿಗೂ ತಿಳಿಯದು. ಬಳಲಿದ ರೋಗಿಗೆ ತಲೆಸುತ್ತು, ಎದೆಬಡಿತ, ಭ್ರಮೆ ಬರಬಹುದು. ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳಬಹುದು. ಗಾಂಜಾ ಇಟ್ಟುಕೊಳ್ಳುವುದು 1985ರ ಮಾದಕ ವಸ್ತು ಕಾಯಿದೆಯಡಿ ಅಪರಾಧವೂ ಹೌದು.

ಕ್ಯಾನ್ಸರಿನ ತೀವ್ರ ನೋವಿಗೆ ಪರೀಕ್ಷಿತ ಮದ್ದು ಮಾರ್ಫಿನ್. ಅದು ಸುಲಭವಾಗಿ ಸಿಗಲೆಂದು 2014ರಲ್ಲಿ ಇದೇ ಕಾಯಿದೆಯನ್ನು ತಿದ್ದಲಾಗಿದೆ. ಮಾರ್ಫಿನ್ ಬರೆದರೆ ಕೊನೆಗಾಲ ಬಂತೆಂದು ಹೆದರಬೇಡಿ. ವೈದ್ಯರು ಹೇಳಿದಷ್ಟೇ ತೆಗೆದುಕೊಂಡರೆ ಚಟದ ಭಯವೂ ಕಡಿಮೆ. ಮಲಬದ್ಧತೆಯಾಗುವುದರಿಂದ ಅದಕ್ಕೆ ಬೇಕಾದ ಮದ್ದನ್ನು ಜೊತೆಯಲ್ಲೇ ಕೇಳಿ ಪಡೆಯಿರಿ. ನೋವು ಯಾವಾಗ, ಎಷ್ಟು ಬಂತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿ.

ಊಟ ಸೇರದಿದ್ದರೆ ಒತ್ತಾಯ ಬೇಡ. ಮೊದಲು ಬಾಯಿಹುಣ್ಣು, ವಾಕರಿಕೆ, ಮಲಬದ್ಧತೆ ಇದೆಯೇ ನೋಡಿಸಿ. ಕುಚ್ಚಲಕ್ಕಿ ಗಂಜಿಯನ್ನು ಎರಡು ಗಂಟೆಗೊಮ್ಮೆ ನಾಲ್ಕೇ ಚಮಚ ಕೊಟ್ಟರೂ ಸಾಕು. ನೋವು ಇಳಿದಾಗ ಎಷ್ಟೋ ಮಂದಿ ತಾವಾಗಿಯೇ ತಟ್ಟೆಗೆ ಕೈಹಾಕುತ್ತಾರೆ.