ಒಂದೆಲಗವೂ ನೀರುಬ್ರಾಹ್ಮಿಯೂ

ಗದ್ದೆಯ ಬದುವಿನಲ್ಲಿ, ತೋಡಿನ ಅಂಚಿನಲ್ಲಿ ಹಬ್ಬುವ ಒಂದೆಲಗವನ್ನು ನಮ್ಮ ಕಾಸರಗೋಡಿನಲ್ಲಿ ಅರಿಯದವರಿಲ್ಲ. ತುಳುವಿನಲ್ಲಿ ಇದು ತಿಮರೆ. ತಂಬುಳಿಗೂ ಚಟ್ನಿಗೂ ಒದಗುವ ಸೊಪ್ಪು. ಕನ್ನಡಿಗರಲ್ಲಿ ಅನೇಕರು ಇದನ್ನೇ ಬ್ರಾಹ್ಮಿಯೆನ್ನುವರು. ಆದರೆ ಮಲಯಾಳ ಮಾತಾಡುವ ನೆರೆಯವರೊಡನೆ ಬ್ರಾಹ್ಮಿಯನ್ನು ಕೇಳಿದರೆ ಅವರು ಕೊಡುವುದು ನಾವು ನೀರುಬ್ರಾಹ್ಮಿಯೆನ್ನುವ ಬೇರೊಂದು ಗಿಡವನ್ನು. ಹೆಸರು ಒಂದು, ಮೂಲಿಕೆ ಎರಡು!

ಬಾಲಕರೇ, ಗುರುತನ್ನು ಕಲಿಯಿರಿ. ಒಂದೆಲಗದ ಬಳ್ಳಿ ಗಿಣ್ಣುಗಿಣ್ಣಿಗೂ ಬೇರೂರುವುದು. ಉದ್ದನೆಯ ತೊಟ್ಟಿನ ತುದಿಗೆ ದುಂಡಗಿನ, ಬುಡದಲ್ಲಿ ಸೀಳಿದ ಒಂದೇ ಎಲೆ. ನೀರುಬ್ರಾಹ್ಮಿಯ ಎಲೆಗಳಾದರೋ ಚಿಕ್ಕವು, ದಪ್ಪನೆಯವು. ತೊಟ್ಟಿಲ್ಲದೆ ಕಾಂಡದಲ್ಲಿ ಎದುರುಬದುರಾಗಿ ಕೂಡಿರುವುವು. ಇದರ ಹೂವು ಬಿಳಿ ಅಥವಾ ತಿಳಿನೇರಳೆ.

ಚರಕಸಂಹಿತೆಯು ಮೇಧ್ಯವೆಂದು ಹೇಳುವ ನಾಲ್ಕು ಮೂಲಿಕೆಗಳಲ್ಲಿ ಮಂಡೂಕಪರ್ಣಿಯೊಂದು. ಒಂದೆಲಗವೇ ಅದೆಂದು ವೈದ್ಯರು ಸಾಮಾನ್ಯವಾಗಿ ಎಣಿಸುವರು. ಪರೀಕ್ಷೆ ಸಮೀಪಿಸಿದಾಗ ತಾಯಂದಿರು ಮಕ್ಕಳಿಗೆ ಇದನ್ನು ಉಣಿಸುವುದುಂಟು. ಆದರೆ ಪುಸ್ತಕ ತೆರೆಯದೆ, ಬರಿಯ ತಂಬುಳಿಯಿಂದ ಉತ್ತೀರ್ಣರಾದವರನ್ನು ನಾವು ಕಾಣೆವು.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಕೊಳಕುನೀರಿನಲ್ಲಿರುವ ಸೀಸವೇ ಮೊದಲಾದ ಲೋಹಗಳನ್ನು ಈ ಸೊಪ್ಪು ಹೀರಿಕೊಳ್ಳುವುದು. ಆದುದರಿಂದ ಚರಂಡಿಯ ಬದಿಯಲ್ಲಿ ಬೆಳೆದುದನ್ನು ಕೊಯ್ಯಬೇಡಿರಿ. ಔಷಧಕ್ಕಾಗಿಯಾದರೆ ವೈದ್ಯರನ್ನು ಕೇಳಿಯೇ ಕೊಡಿರಿ. ಎರಡು ಭಾಷೆಗಳ ನಡುವೆ ಬಾಳುವ ನಾವು ಹೆಸರನ್ನು ಮಾತ್ರ ನೆಚ್ಚದೆ ಎಲೆಯನ್ನು ನೋಡಿ ತಿಳಿಯುವುದು ಲೇಸು.