ಹಣ, ದುಡ್ಡು, ಕಾಸು: ಮೈಸೂರಿನ ಟಂಕಸಾಲೆಯ ಕಥೆ

"ದುಡ್ಡು ಸಾಕಾ? ಕೈಯಲ್ಲಿ ಕಾಸಿದೆಯಾ? ಹಣ ಜೋಪಾನ!" ಭಾನುವಾರದ ಫೋನಿನಲ್ಲಿ ಅಮ್ಮಂದಿರು ಹೇಳೋದು ಇದನ್ನೇ ಅಲ್ವಾ? ಈ ಮೂರೂ ಒಂದು ಕಾಲದಲ್ಲಿ ನಮ್ಮ ಕಡೆ ಓಡಾಡುತ್ತಿದ್ದ ನಾಣ್ಯಗಳ ಹೆಸರು ಅಂತ ನಮಗೂ ಇತ್ತೀಚೆಗೇ ಗೊತ್ತಾಗಿದ್ದು. ಹಣ ಅಂದರೆ ಪುಟ್ಟ ಚಿನ್ನದ ನಾಣ್ಯ. ದುಡ್ಡು, ಕಾಸು ತಾಮ್ರದವು.

ಪ್ರಶ್ನೆ ಹುಟ್ಟಿದ್ದು ಶಾರ್ಲೆಟ್‌ನಲ್ಲಿ

ರಜೆಯಲ್ಲಿ ನಾವು ಅಟ್ಲಾಂಟಾದಿಂದ ಶಾರ್ಲೆಟ್‌ನ ಮಿಂಟ್ ಮ್ಯೂಸಿಯಂಗೆ ಹೋಗಿದ್ವಿ. 1799ರಲ್ಲಿ ನಾರ್ತ್ ಕ್ಯಾರೊಲಿನಾದ ಒಂದು ಹಳ್ಳದಲ್ಲಿ ಕಾನ್ರಾಡ್ ರೀಡ್ ಎಂಬ ಹುಡುಗನಿಗೆ ಸುಮಾರು 17 ಪೌಂಡಿನ ಹಳದಿ ಕಲ್ಲು ಸಿಕ್ಕಿತು. ಮನೆಯವರು ಅದನ್ನು ಬಾಗಿಲಿಗೆ ಒತ್ತಾಗಿ ಇಟ್ಟಿದ್ದರಂತೆ. ಅದು ಚಿನ್ನ! 1838ರಲ್ಲಿ ಶಾರ್ಲೆಟ್ ಮತ್ತು ಜಾರ್ಜಿಯಾದ ಡಾಲೋನೆಗಾದಲ್ಲಿ ಟಂಕಸಾಲೆಗಳು ನಾಣ್ಯ ಹಾಕತೊಡಗಿದವು. ಅಲ್ಲಿನ ಚಿನ್ನ ಅಲ್ಲೇ ನಾಣ್ಯವಾಯಿತು, 1861ರವರೆಗೆ. ಹಾಗಾದರೆ ನಮ್ಮ ಕೋಲಾರದ ಚಿನ್ನ ಮೈಸೂರಿನ ನಾಣ್ಯ ಆಯ್ತಾ?

ಕಂಠೀರಾಯಿ ಹಣ

ವಿಜಯನಗರದ ನೆರಳಿನಿಂದ ಹೊರಬಂದ ಸಣ್ಣ ರಾಜ್ಯ ಮೈಸೂರು. ಒಡೆಯರಲ್ಲಿ ಮೊದಲು ಸ್ವಂತ ನಾಣ್ಯ ಹಾಕಿಸಿದವರು ಕಂಠೀರವ ನರಸರಾಜ ಒಡೆಯರ್ (1638–1659). ಅವರ ಹಣದ ಮೇಲೆ ನರಸಿಂಹನ ಚಿತ್ರ. ತೂಕ ಅರ್ಧ ಗ್ರಾಮಿಗೂ ಕಡಿಮೆ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ಮಜಾ ಏನಂದ್ರೆ, ಆ ವರಹವನ್ನು ಯಾರೂ ಟಂಕಿಸಲೇ ಇಲ್ಲ! ಅದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇತ್ತು, ನಮ್ಮ ಬ್ಯಾಂಕ್ ಆ್ಯಪಿನಲ್ಲಿ ಕಾಣುವ ಅಂಕಿಯ ಹಾಗೆ.

ಆನೆ ಬಂತು

ಹೈದರಾಲಿ 1763ರಲ್ಲಿ ಬಿದನೂರು ಗೆದ್ದ ಮೇಲೆ, ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು ಹಿಂಬದಿಗೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದ. ಜನ ನಂಬಿದ ನಾಣ್ಯದ ಮುಖ ಬದಲಿಸಲಿಲ್ಲ. ಟಿಪ್ಪು ತಾಮ್ರದ ನಾಣ್ಯಕ್ಕೆ ಆನೆ ಹಾಕಿಸಿದ, ನಕ್ಷತ್ರ ಗ್ರಹಗಳ ಹೆಸರಿಟ್ಟ: ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ.

1799ರಲ್ಲಿ, ರೀಡ್‌ಗೆ ಕಲ್ಲು ಸಿಕ್ಕ ಅದೇ ವರ್ಷ, ಶ್ರೀರಂಗಪಟ್ಟಣ ಬಿತ್ತು. ಮೈಸೂರು ಮತ್ತೆ ಒಡೆಯರ ಕೈಗೆ ಬಂದರೂ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಂಪನಿಗೆ ಕಟ್ಟಬೇಕಾಯಿತು. ಲೆಕ್ಕ ಮಾಡಿ: ಒಂದು ಪಗೋಡಕ್ಕೆ ಮೂರೂವರೆ ರೂಪಾಯಿ. ಅಂದರೆ 24.5 ಲಕ್ಷ ರೂಪಾಯಿ!

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ಆನೆ, ಆಮೇಲೆ ಸಿಂಹ, ಜೊತೆಗೆ ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಇವೆ. ಕನ್ನಡದಲ್ಲಿ "ಮಯಿಲಿ ಕಾಸು", ಇಂಗ್ಲಿಷಿನಲ್ಲಿ "ಕ್ಯಾಶ್". ಈ ಕ್ಯಾಶ್ ಬಂದದ್ದು ನಮ್ಮ ಕಾಸಿನ ಕಡೆಯಿಂದ; ನಾವು ಅಂಗಡಿಯಲ್ಲಿ ಕೊಡುವ ಕ್ಯಾಶ್‌ನ ಮೂಲ ಬೇರೆ, ಅದು ಪೆಟ್ಟಿಗೆ ಎಂಬ ಅರ್ಥದ ಇಟಾಲಿಯನ್ ಪದ.

ಬಾಗಿಲು ಮುಚ್ಚಿತು

1831ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋಯಿತು. 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಬಂತು. 1835ರಲ್ಲಿ ಕಂಪನಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ರೂಪಾಯಿ ತಂದಿತು. 1843ರಲ್ಲಿ ನಮ್ಮ ಟಂಕಸಾಲೆ ನಿಂತೇಹೋಯಿತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ಆದರೆ ಬಹಳ ಹಿಂದೆ ನಿಂತ ಪ್ರತ್ಯೇಕ ನಾಣ್ಯವನ್ನು ಮತ್ತೆ ಶುರುಮಾಡಬಾರದು ಎಂಬ ಷರತ್ತೂ ಆ ಒಪ್ಪಂದದಲ್ಲೇ ಇತ್ತು. ಅದೇ ದಶಕದಲ್ಲಿ ಕೋಲಾರದ ಗಣಿಗಳು ಚಿನ್ನ ಕೊಡತೊಡಗಿದವು!

ನಮ್ಮ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಚಿನ್ನ ಇದ್ದಾಗ ಟಂಕಿಸುವ ಹಕ್ಕು ಇರಲಿಲ್ಲ. ಶಾರ್ಲೆಟ್‌ಗೆ ಸಿಕ್ಕಿದ್ದು ಕೋಲಾರಕ್ಕೆ ಸಿಗಲಿಲ್ಲ. ನಾಣ್ಯಕ್ಕೆ ಲೋಹಕ್ಕಿಂತ ಮೊದಲು ಬೇಕಾದ್ದು ಅಧಿಕಾರ ಅಂತ ಆಗ ಅರ್ಥವಾಯಿತು.

ಈಗ ನಿಮ್ಮ ಸರದಿ

ಮುಂದಿನ ಸಲ ಮನೆಗೆ ಫೋನ್ ಮಾಡಿದಾಗ ಅಜ್ಜಿಯನ್ನು ಕೇಳಿ: ಅವರ ಕಾಲದಲ್ಲಿ ದುಡ್ಡು, ಕಾಸು, ಆಣೆ ಅಂತ ಹೇಗೆ ಲೆಕ್ಕ ಹಾಕ್ತಿದ್ರು? ಕಲಬುರಗಿ, ಬೀದರ್, ರಾಯಚೂರು ಕಡೆಯವರಾದರೆ ನಿಜಾಮರ ಹಾಲಿ ಸಿಕ್ಕಾ ಬಗ್ಗೆಯೂ ಕೇಳಿ. ಕೇಳಿದ್ದನ್ನು ಬರೆದಿಡಿ. ಟಂಕಸಾಲೆ ಹೋಯಿತು, ಪದಗಳು ಇನ್ನೂ ಚಲಾವಣೆಯಲ್ಲಿವೆ.