ಗಾಳಿ ಬರಲಿ, ಗಾಳಿ ಹೋಗಲಿ

ನಮ್ಮ ನಾವುಂದಕ್ಕೆ ಗಾಳಿಯ ಬರ ಇಲ್ಲ. ಪಕ್ಕದಲ್ಲೇ ಕಡಲು. ಹಗಲು ಕಡಲಿನಿಂದ ಗಾಳಿ ಬೀಸುತ್ತದೆ. ರಾತ್ರಿ ಗುಡ್ಡದ ಕಡೆಯಿಂದ ಕಡಲಿಗೆ ಬೀಸುತ್ತದೆ.

ಆದರೆ ಮನೆಯ ಒಳಗೆ? ಮಳೆಗಾಲದಲ್ಲಿ ಇರಿಚಲು ಹೊಡೆಯುತ್ತದೆ ಎಂದು ಕಿಟಕಿ ಮುಚ್ಚುತ್ತೇವೆ. ರಾತ್ರಿ ಸೊಳ್ಳೆ ಎಂದು ಮುಚ್ಚುತ್ತೇವೆ. ಬೀಡಿ ಕಟ್ಟುವಾಗ ಹುಡಿ ಹಾರುತ್ತದೆ ಎಂದು ಫ್ಯಾನನ್ನೂ ನಿಲ್ಲಿಸುತ್ತೇವೆ. ಹಂಚಿನ ಮಾಡಿನ ಸಂದಿಯಲ್ಲಿ ಸ್ವಲ್ಪವಾದರೂ ಗಾಳಿ ಆಡುತ್ತದೆ. ತಾರಸಿ ಮನೆಯಲ್ಲಿ ಕಿಟಕಿ ಮುಚ್ಚಿದರೆ ಮುಗಿಯಿತು. ಒಳಗಿನ ಗಾಳಿ ಒಳಗೇ.

ಒಂದು ಮನೆಯ ಮಾತು ಕೇಳಿ.

ನೆರೆಮನೆಯಾಕೆ: ನಿನ್ನ ಸೊಸೆ ಕಾಂಬುಕೇ ಇಲ್ಲೆ. ಎಂತ ಆಯ್ತ್?

ಅತ್ತೆ: ಮೂರು ವಾರದಿಂದ ಕೆಮ್ಮು ಮಾರಾಯ್ತಿ. ಒಳಕೋಣೆಯಲ್ಲಿ ಕಿಟಕಿ ಹಾಕಿ ಮಲಗಿಸಿದ್ದೆ. ಗಾಳಿ ತಾಗುಕಾಗ ಅಲ್ದಾ?

ನೆರೆಮನೆಯಾಕೆ: ರಾತ್ರಿ ಅವಳ ಹತ್ರ ಯಾರು ಮಲಗುದು?

ಅತ್ತೆ: ಮತ್ಯಾರು? ಸಣ್ಣ ಮಗು.

ನೆರೆಮನೆಯಾಕೆ: ಹಂಗಾರೆ ಮೊದಲು ಆ ಕಿಟಕಿ ತೆಗಿ. ನಾಳೆ ಅವಳನ್ನು ಆಸ್ಪತ್ರೆಗೆ ಕರ್ಕಂಡು ಹೋಪ.

ಅತ್ತೆ: ಕ್ಷಯ ಅಂದ್ರೆ? ತಾಯಿಮನೆಗೆ ಕಳ್ಸುದಾ?

ನೆರೆಮನೆಯಾಕೆ: ಎಂತಕ್ಕೆ ಕಳ್ಸುದು? ಅದಕ್ಕೆ ಮದ್ದು ಇತ್ತಲ್ಲ!

ನೆರೆಮನೆಯಾಕೆ ಹೇಳಿದ್ದು ಸರಿಯೇ? ತಿಳಿಯೋಣ.

ರೋಗ ಹೇಗೆ ಹರಡುತ್ತದೆ?

ನಾವು ಕೆಮ್ಮುತ್ತೇವೆ. ಸೀನುತ್ತೇವೆ. ಮಾತಾಡುತ್ತೇವೆ. ಆಗ ಬಾಯಿಯಿಂದ ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ. ಅತಿ ಸಣ್ಣ ಹನಿಗಳು ಕಣ್ಣಿಗೆ ಕಾಣುವುದಿಲ್ಲ. ಅವು ಹೊಗೆಯ ಹಾಗೆ ಗಾಳಿಯಲ್ಲಿ ತೇಲುತ್ತವೆ. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಅದೇ ಗಾಳಿಯನ್ನು ಇನ್ನೊಬ್ಬರು ಉಸಿರಾಡುತ್ತಾರೆ. ಕ್ಷಯ ಹೀಗೆ ಹರಡುತ್ತದೆ. ದಡಾರ, ಕೋವಿಡ್ ಕೂಡ ಗಾಳಿಯಿಂದ ಹರಡುತ್ತವೆ.

1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಇದನ್ನು ಪರೀಕ್ಷೆ ಮಾಡಿದರು. ಕ್ಷಯ ರೋಗಿಗಳ ಕೋಣೆಯ ಗಾಳಿಯನ್ನು ಕೊಳವೆಯಲ್ಲಿ ಬೇರೆ ಕಡೆಗೆ ಹರಿಸಿದರು. ಅಲ್ಲಿ ಗಿನಿ ಇಲಿಗಳನ್ನು ಇಟ್ಟಿದ್ದರು. ಇಲಿಗಳು ರೋಗಿಗಳ ಹತ್ತಿರ ಹೋಗಲಿಲ್ಲ. ಅವರನ್ನು ಮುಟ್ಟಲೂ ಇಲ್ಲ. ಆದರೂ ಕೆಲವು ಇಲಿಗಳಿಗೆ ಕ್ಷಯ ಬಂತು. ರೋಗವನ್ನು ಹೊತ್ತು ತಂದದ್ದು ಗಾಳಿಯೇ.

ಗಾಳಿ ಬದಲಾದರೆ ಏನಾಗುತ್ತದೆ?

ಒಂದು ಲೋಟ ನೀರಿಗೆ ಒಂದು ಹಿಡಿ ಉಪ್ಪು ಹಾಕಿ. ಬಾಯಿಗೆ ಇಡಲು ಆಗದು. ಅದೇ ಉಪ್ಪನ್ನು ಬಾವಿಗೆ ಹಾಕಿ. ರುಚಿಯೇ ಗೊತ್ತಾಗದು. ಮುಚ್ಚಿದ ಕೋಣೆ ಲೋಟದ ಹಾಗೆ. ಬಯಲು ಬಾವಿಯ ಹಾಗೆ. ಹೊಸ ಗಾಳಿ ಒಳಗೆ ಬರಬೇಕು. ಹಳೆ ಗಾಳಿ ಹೊರಗೆ ಹೋಗಬೇಕು. ಆಗ ರೋಗಾಣುಗಳು ತೆಳುವಾಗುತ್ತವೆ.

ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಇದನ್ನು ಅಳೆದಿದ್ದಾರೆ. 2007ರಲ್ಲಿ ಅದರ ವರದಿ ಬಂತು. ಯಂತ್ರದಿಂದ ಗಾಳಿ ಬಿಡುವ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಬದಲಾಗುತ್ತಿತ್ತು. ಬರೀ ಕಿಟಕಿ, ಬಾಗಿಲು ತೆರೆದ ಕೋಣೆಗಳಲ್ಲಿ ಸುಮಾರು 28 ಸಲ! ಹಳೆ ಕಾಲದ ಎತ್ತರದ ಮಾಡು, ದೊಡ್ಡ ಕಿಟಕಿಯ ಕೋಣೆಗಳೇ ಹೆಚ್ಚು ಒಳ್ಳೆಯದಾಗಿದ್ದವು.

ಫ್ಯಾನ್ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಕಿಟಕಿ ಮುಚ್ಚಿದ್ದರೆ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಕಿಟಕಿ ತೆರೆದು ಫ್ಯಾನ್ ಹಾಕಬೇಕು.

ಮಾಡಿ ನೋಡಿ

ಕೋಣೆಯ ಕಿಟಕಿ, ಬಾಗಿಲು ಮುಚ್ಚಿ. ಒಂದು ಊದುಬತ್ತಿ ಹಚ್ಚಿ. ಹೊಗೆ ತುಂಬಿದ ಮೇಲೆ ಬತ್ತಿಯನ್ನು ಹೊರಗೆ ಇಡಿ. ಪರಿಮಳ ಎಷ್ಟು ಹೊತ್ತು ಉಳಿಯಿತು? ಇನ್ನೊಮ್ಮೆ ಹಾಗೆಯೇ ಮಾಡಿ. ಈ ಸಲ ಎದುರು ಬದುರು ಎರಡು ಕಿಟಕಿ ತೆರೆಯಿರಿ. ಈಗ ಎಷ್ಟು ಹೊತ್ತು? ಮೂಗೇ ಹೇಳುತ್ತದೆ.

ಯಾರನ್ನೂ ಹೊರಗೆ ಹಾಕಬೇಡಿ

ಹಿಂದೆ ಕ್ಷಯಕ್ಕೆ ಮದ್ದು ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಊಟ ಬೇಕೆಂದು ರೋಗಿಗಳನ್ನು ದೂರದ ಆರೋಗ್ಯಧಾಮಗಳಿಗೆ ಕಳುಹಿಸುತ್ತಿದ್ದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಅಂಥ ಆಸ್ಪತ್ರೆ ಕಟ್ಟಿಸಿದರು.

ಆಮೇಲೆ ಮದ್ದು ಬಂತು. 1956ರಲ್ಲಿ ಮದ್ರಾಸಿನಲ್ಲಿ ಒಂದು ಪರೀಕ್ಷೆ ಶುರುವಾಯಿತು. ಕೆಲವು ರೋಗಿಗಳಿಗೆ ಆಸ್ಪತ್ರೆಯಲ್ಲಿ ಮದ್ದು ಕೊಟ್ಟರು. ಕೆಲವರಿಗೆ ಅವರವರ ಮನೆಯಲ್ಲೇ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅವರಿಂದ ಮನೆಯವರಿಗೆ ರೋಗ ಹೆಚ್ಚು ಹರಡಲೂ ಇಲ್ಲ. ಸರಿಯಾಗಿ ಮದ್ದು ತಕ್ಕೊಂಡರೆ ಹರಡುವುದು ಬೇಗ ಕಡಿಮೆಯಾಗುತ್ತದೆ.

ಹೆಚ್ಚು ಅಪಾಯ ಯಾವಾಗ? ರೋಗ ಇದೆ ಎಂದು ತಿಳಿಯುವ ಮೊದಲು. ಆದ್ದರಿಂದ ಕಿಟಕಿ ತೆರೆಯಲು ರೋಗ ಬರುವ ತನಕ ಕಾಯಬಾರದು.

ತಟ್ಟೆ, ಲೋಟ, ಬಟ್ಟೆಯಿಂದ ಕ್ಷಯ ಬರುವುದಿಲ್ಲ. ಸೊಸೆಯ ತಟ್ಟೆ ಬೇರೆ ಇಡಬೇಕಾಗಿಲ್ಲ. ಅವಳನ್ನು ತಾಯಿಮನೆಗೆ ಕಳುಹಿಸಬೇಕಾಗಿಲ್ಲ.

ನಾವು ಏನು ಮಾಡಬೇಕು?

1. ಎದುರು ಬದುರು ಕಿಟಕಿ ತೆರೆಯಿರಿ. ಒಂದೇ ಕಿಟಕಿ ಇದ್ದರೆ ಬಾಗಿಲನ್ನೂ ತೆರೆಯಿರಿ.
2. ಪಡುವಣ ಮಳೆ ಹೊಡೆದರೆ ಮೂಡು ಕಡೆಯ ಕಿಟಕಿ ತೆರೆಯಿರಿ. ಸೊಳ್ಳೆಗೆ ಪರದೆ ಕಟ್ಟಿ.
3. ಕೆಮ್ಮುವವರಿಗೆ ಗಾಳಿ ಹೊರಗೆ ಹೋಗುವ ಕಡೆ ಹಾಸಿಗೆ ಹಾಕಿ. ಉಳಿದವರು ಗಾಳಿ ಬರುವ ಕಡೆ ಇರಿ. ಹಗಲು ಜಗಲಿಯೇ ಒಳ್ಳೆಯದು. ಮಕ್ಕಳನ್ನು ಬೇರೆ ಮಲಗಿಸಿ.
4. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ.
5. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಸರಕಾರಿ ಆಸ್ಪತ್ರೆಗೆ ಹೋಗಿ. ಆಶಾ ಕಾರ್ಯಕರ್ತೆಗೆ ಹೇಳಿ. ಕಫ ಪರೀಕ್ಷೆಗೆ ದುಡ್ಡಿಲ್ಲ. ಮದ್ದಿಗೂ ದುಡ್ಡಿಲ್ಲ.
6. ಸಾಮಾನ್ಯವಾಗಿ ಆರು ತಿಂಗಳು ಮದ್ದು ತಕ್ಕೊಳ್ಳಬೇಕು. ಕೆಮ್ಮು ನಿಂತಿತು ಎಂದು ನಡುವೆ ಬಿಡಬಾರದು.
7. ಊಟಕ್ಕೆಂದು ಸರಕಾರ ರೋಗಿಯ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1000 ರೂಪಾಯಿ. ಕೇಳಿ ಪಡೆಯಿರಿ.

ಓದಿ, ಬರೆಯಿರಿ

1. ಅತ್ತೆ ಸೊಸೆಯನ್ನು ಎಲ್ಲಿ ಮಲಗಿಸಿದ್ದಳು? ಅದು ಯಾಕೆ ಸರಿಯಲ್ಲ?
2. ಬಿಟ್ಟ ಪದ ತುಂಬಿರಿ: ಹೊಸ ಗಾಳಿ ______ ಬರಬೇಕು. ಹಳೆ ಗಾಳಿ ______ ಹೋಗಬೇಕು.
3. ನಿಮ್ಮ ಮನೆಯಲ್ಲಿ ಎಷ್ಟು ಕಿಟಕಿ ಇವೆ? ದಿನವೂ ಎಷ್ಟು ತೆರೆಯುತ್ತೀರಿ? ಎರಡೂ ಅಂಕೆಗಳನ್ನು ಬರೆಯಿರಿ. ಅಂಕೆ ಒಂದೇ ಆಗುವ ಹಾಗೆ ಮಾಡಿ.